ಸಗಣಿಯಿಂದ ಇಂಧನ: ಲೆಕ್ಕ ಕೂಡುವುದು ಗ್ಯಾಸಿನಲ್ಲಲ್ಲ, ಬಗ್ಗಡದಲ್ಲಿ

ಜಪಾನಿನ ಹೊಕ್ಕೈಡೊ ದ್ವೀಪದ ತೈಕಿ ಪಟ್ಟಣದಲ್ಲಿ 2023ರ ಡಿಸೆಂಬರಿನಲ್ಲಿ ರಾಕೆಟ್ ಎಂಜಿನ್ನೊಂದನ್ನು ಉರಿಸಿ ಪರೀಕ್ಷಿಸಿದರು. ಅದಕ್ಕೆ ಬಳಸಿದ ದ್ರವ ಮೀಥೇನ್ ಬಂದದ್ದು ಹಸುವಿನ ಸಗಣಿಯಿಂದ. ಗುಜರಾತಿನ ಬನಾಸಕಾಂಠಾ ಜಿಲ್ಲೆಯಲ್ಲಿ ಕಾರು ತಯಾರಿಸುವ ಸುಜುಕಿ ಕಂಪನಿ, ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಮತ್ತು ಬನಾಸ್ ಹಾಲು ಒಕ್ಕೂಟಗಳು ಕೂಡಿ ಸಗಣಿ ಅನಿಲದ ಘಟಕಗಳನ್ನು ಕಟ್ಟುವ ಒಪ್ಪಂದ ಮಾಡಿಕೊಂಡವು. ಇದೇ ಹೊತ್ತಿಗೆ ಕೇಂದ್ರ ಸರ್ಕಾರ, ವಾಹನಕ್ಕೆ ತುಂಬುವ ಸಿಎನ್‌ಜಿ ಮತ್ತು ಮನೆಗೆ ಕೊಳವೆಯಲ್ಲಿ ಬರುವ ಅನಿಲಕ್ಕೆ ಜೈವಿಕ ಅನಿಲ ಬೆರೆಸುವುದನ್ನು ಕಡ್ಡಾಯಗೊಳಿಸಿತು. 2025-26ಕ್ಕೆ ಶೇ 1, ಮರುವರ್ಷ ಶೇ 3, ಅದರ ಮುಂದಿನ ವರ್ಷ ಶೇ 4, 2028-29ರಿಂದ ಶೇ 5 ಎಂಬುದು 2023ರ ನವೆಂಬರಿನಲ್ಲಿ ಪ್ರಕಟವಾದ ವೇಳಾಪಟ್ಟಿ.

ಈ ಸುದ್ದಿಗಳನ್ನು ಒಟ್ಟಿಗೆ ಓದಿದವರ ಮನಸ್ಸಿನಲ್ಲಿ ಹಲವು ಪ್ರಶ್ನೆಗಳು ಏಳುತ್ತವೆ. ನಮ್ಮ ಕೊಟ್ಟಿಗೆಯ ಸಗಣಿಗೂ ಇನ್ನು ಮುಂದೆ ದುಡ್ಡು ಸಿಗುತ್ತದೆಯೇ? ಸಗಣಿ ಮಾರಿದರೆ ಹೊಲಕ್ಕೆ ಗೊಬ್ಬರ ಎಲ್ಲಿಂದ ತರುವುದು? ಗೋಬರ್ ಗ್ಯಾಸ್ ನಮ್ಮಲ್ಲಿ ನಲವತ್ತು ವರ್ಷದ ಹಿಂದೆಯೇ ಬಂದಿತ್ತಲ್ಲ, ಈಗ ಹೊಸದಾಗಿ ಬಂದಿರುವುದೇನು? ಉತ್ತರ ಬೇಕಾದರೆ ಘೋಷಣೆಗಳನ್ನು ಬದಿಗಿಟ್ಟು ಸಗಣಿಯ ತೂಕದಿಂದಲೇ ಲೆಕ್ಕ ಶುರುಮಾಡಬೇಕು.

ಹೆಸರುಗಳ ಗೋಜಲು

ಹಳೆಯ ಗೋಬರ್ ಗ್ಯಾಸಿಗೂ ಇಂದಿನ ‘ಸಿಬಿಜಿ’ಗೂ ಮೂಲಕ್ರಿಯೆ ಒಂದೇ. ಗಾಳಿಯಾಡದ ತೊಟ್ಟಿಯಲ್ಲಿ ಸಗಣಿ ಮತ್ತು ನೀರು ಕೊಳೆಯುವಾಗ ಸೂಕ್ಷ್ಮಜೀವಿಗಳು ಅನಿಲ ಬಿಡುತ್ತವೆ, ಕೊನೆಗೆ ಉಳಿಯುವ ತೆಳು ರಾಡಿಯೇ ಬಗ್ಗಡ. ಆ ಅನಿಲದಲ್ಲಿ ಶೇ 55ರಿಂದ 60ರಷ್ಟು ಉರಿಯುವ ಅಂಶವಾದ ಮೀಥೇನ್. ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್, ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಸ್ವಲ್ಪ. ಈ ಅನಿಲವನ್ನು ಹಾಗೆಯೇ ಒಲೆಗೆ ಹಾಯಿಸಿದರೆ ಅದು ನಮಗೆ ಗೊತ್ತಿರುವ ಗೋಬರ್ ಗ್ಯಾಸ್. ಮೀಥೇನ್ ಶೇ 90ಕ್ಕಿಂತ ಹೆಚ್ಚಾಗುವವರೆಗೆ ಶುದ್ಧಮಾಡಿ, ಭಾರಿ ಒತ್ತಡದಲ್ಲಿ ಸಿಲಿಂಡರಿಗೆ ತುಂಬಿದರೆ ಅದು ಸಂಕುಚಿತ ಜೈವಿಕ ಅನಿಲ, ಅಂದರೆ ಸಿಬಿಜಿ. ಬಯೋ ಸಿಎನ್‌ಜಿ ಎಂದು ಕರೆಯುವುದೂ ಇದನ್ನೇ. ನೆಲದಡಿಯಿಂದ ತೆಗೆದ ಸಿಎನ್‌ಜಿಯಲ್ಲಿ ಓಡುವ ಆಟೊ ಇದರಲ್ಲೂ ಓಡುತ್ತದೆ, ಎಂಜಿನ್ನಿನಲ್ಲಿ ಏನನ್ನೂ ಬದಲಿಸಬೇಕಿಲ್ಲ.

ಗೊಂದಲಕ್ಕೆ ಇನ್ನೊಂದು ಕಾರಣ ಕೇಂದ್ರ ಸರ್ಕಾರದ ಯೋಜನೆಯ ಹೆಸರು. 2018ರಲ್ಲಿ ಆರಂಭವಾದ ‘ಗೋಬರ್‌ಧನ್’ ಎಂಬ ಹೆಸರು ಕೇಳಿದವರು ಇದೆಲ್ಲ ಸಗಣಿಯ ವಿಷಯ ಎಂದೇ ತಿಳಿಯುತ್ತಾರೆ. ಆದರೆ ಆ ಹೆಸರಿನಡಿ 2022ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ, ಎಲ್ಲರೂ ಉದಾಹರಿಸುವ ಇಂದೋರ್ ಘಟಕ ನಡೆಯುವುದು ನಗರದ ಹಸಿ ಕಸದಿಂದ. ದಿನಕ್ಕೆ 550 ಟನ್ ಹಸಿ ಕಸ ಅಲ್ಲಿ ಅನಿಲವಾಗುತ್ತದೆ. ಅದರ ಯಶಸ್ಸನ್ನು ನೋಡಿ ನಮ್ಮೂರಿನ ಸಗಣಿಯ ಲೆಕ್ಕ ಹಾಕಿದರೆ ತಪ್ಪುತ್ತದೆ. ಯಾಕೆ ಎಂಬುದು ಮುಂದಿನ ಭಾಗದಲ್ಲಿದೆ. ಇಡೀ ಚರ್ಚೆಯ ತಿರುಳು ಇರುವುದೂ ಅಲ್ಲಿಯೇ.

ಅರವತ್ತು ಕಿಲೋ ಸಗಣಿಗೆ ಒಂದು ಕಿಲೋ ಅನಿಲ

ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಬರುತ್ತದೆ. 25 ಕಿಲೋ ಸಗಣಿ ಹಾಕಿದರೆ ಒಂದು ಘನ ಮೀಟರ್. ಅದನ್ನು ಶುದ್ಧಮಾಡಿದಾಗ ಉಳಿಯುವ ಮೀಥೇನಿನ ತೂಕ 400 ಗ್ರಾಂ ಆಸುಪಾಸು. ಅಂದರೆ ಒಂದು ಕಿಲೋ ಸಿಬಿಜಿಗೆ ಹೆಚ್ಚು ಕಡಿಮೆ 60 ಕಿಲೋ ಸಗಣಿ ಬೇಕು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿಯಾದ ಪ್ರೆಸ್‌ಮಡ್ಡಾದರೆ ಸುಮಾರು 25 ಕಿಲೋ ಸಾಕು. ಭತ್ತದ ಹುಲ್ಲಾದರೆ 10 ಕಿಲೋ.

ಸಗಣಿ ಇಷ್ಟು ಹಿಂದೆ ಬೀಳಲು ಎರಡು ಕಾರಣಗಳಿವೆ. ಮೊದಲನೆಯದು, ಅದರಲ್ಲಿ ಶೇ 80ಕ್ಕೂ ಹೆಚ್ಚು ನೀರೇ ಇರುತ್ತದೆ. ಸಾಗಿಸುವವನು ಬಹುಪಾಲು ಸಾಗಿಸುವುದು ನೀರನ್ನು. ಎರಡನೆಯದು, ಹುಲ್ಲಿನಲ್ಲಿದ್ದ ಸುಲಭವಾಗಿ ಜೀರ್ಣವಾಗುವ ಅಂಶವನ್ನೆಲ್ಲ ಹಸುವಿನ ಹೊಟ್ಟೆ ಆಗಲೇ ಹೀರಿಕೊಂಡಿರುತ್ತದೆ. ಮೆಲುಕು ಹಾಕಿ, ನಾಲ್ಕು ಕೋಣೆಗಳ ಹೊಟ್ಟೆಯಲ್ಲಿ ಹುದುಗಿಸಿ, ತನಗೆ ಬೇಕಾದ್ದನ್ನು ತೆಗೆದುಕೊಂಡ ಮೇಲೆ ಅದು ಬಿಟ್ಟ ಒರಟು ನಾರಿನಿಂದ ನಾವು ಇಂಧನ ತೆಗೆಯಹೊರಟಿದ್ದೇವೆ. ಸಗಣಿಗೆ ಒಂದು ದೊಡ್ಡ ಗುಣವಂತೂ ಇದೆ. ಅನಿಲ ಹುಟ್ಟಿಸುವ ಸೂಕ್ಷ್ಮಜೀವಿಗಳು ಅದರಲ್ಲಿ ತಾವಾಗಿಯೇ ಇರುತ್ತವೆ. ಹುಲ್ಲಿನ ಘಟಕಕ್ಕೂ ಕಸದ ಘಟಕಕ್ಕೂ ಮೊದಲ ದಿನ ಸಗಣಿಯನ್ನೇ ‘ಹೆಪ್ಪು’ ಹಾಕುವುದು ಇದೇ ಕಾರಣಕ್ಕೆ.

ಈಗ ದೇಶದ ಲೆಕ್ಕ ನೋಡೋಣ. 2019ರ ಜಾನುವಾರು ಗಣತಿಯಂತೆ ಭಾರತದಲ್ಲಿ ದನ, ಎಮ್ಮೆ ಸೇರಿ ಸುಮಾರು 30 ಕೋಟಿ ರಾಸುಗಳಿವೆ. ತಲಾ 10 ಕಿಲೋ ಎಂದರೂ ದಿನಕ್ಕೆ 30 ಲಕ್ಷ ಟನ್ ಸಗಣಿ. ಅದರಿಂದ ವರ್ಷಕ್ಕೆ 1.8 ಕೋಟಿ ಟನ್ ಸಿಬಿಜಿ ಬರಬೇಕು. ಸಿಬಿಜಿ ಘಟಕಗಳನ್ನು ಉತ್ತೇಜಿಸಲು ಕೇಂದ್ರ 2018ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಸತತ್’ ಯೋಜನೆಯ ಗುರಿ 5,000 ಘಟಕ, ವರ್ಷಕ್ಕೆ 1.5 ಕೋಟಿ ಟನ್. ಕಾಗದದ ಮೇಲೆ ಸಗಣಿಯೊಂದರಿಂದಲೇ ಗುರಿ ಮುಟ್ಟಿ ಮಿಗುತ್ತದೆ. ಸಭೆಗಳಲ್ಲಿ ಮಿಂಚುವುದು ಇಂಥ ಅಂಕಿಗಳೇ.

ನೆಲದ ಮೇಲಿನ ಲೆಕ್ಕ ಬೇರೆ. ಆ ಗುರಿಯನ್ನು ಘಟಕಗಳಿಗೆ ಹಂಚಿದರೆ ಒಂದೊಂದಕ್ಕೆ ದಿನಕ್ಕೆ 8 ಟನ್ ಸಿಬಿಜಿ ಬರುತ್ತದೆ. ಬರಿಯ ಸಗಣಿಯಿಂದ ಅಷ್ಟು ತೆಗೆಯಲು ದಿನಕ್ಕೆ 480 ಟನ್ ಸಗಣಿ, ಅಂದರೆ 48 ಸಾವಿರ ರಾಸುಗಳು ಬೇಕು. ನಮ್ಮ ಹಳ್ಳಿಯ ಕೊಟ್ಟಿಗೆಯಲ್ಲಿ ಎರಡು ಮೂರು ರಾಸುಗಳಿರುತ್ತವೆ. ಮೇಯಲು ಹೋದವು ಅರ್ಧ ಸಗಣಿಯನ್ನು ಬಯಲಿನಲ್ಲೇ ಹಾಕಿ ಬರುತ್ತವೆ. ಹದಿನೈದಿಪ್ಪತ್ತು ಸಾವಿರ ಮನೆಗಳ ಬಾಗಿಲಿಗೆ ಪ್ರತಿದಿನ ಗಾಡಿ ಹೋಗಬೇಕು. ಹತ್ತು ಟನ್ನಿನ ಟಿಪ್ಪರ್ ಆದರೆ ಒಳಗೆ ಬರುವುದೇ 48 ಲೋಡು. ಸಗಣಿಗೆ ಸಮ ನೀರು ಬೆರೆಸುವುದು ವಾಡಿಕೆ, ಆದ್ದರಿಂದ ಹೊರಗೆ ಬರುವ ಬಗ್ಗಡ 900 ಟನ್ ದಾಟುತ್ತದೆ. ತಿಳಿನೀರನ್ನು ಮತ್ತೆ ಬಳಸಿದರೂ ಉಳಿದದ್ದನ್ನು ಎಲ್ಲಿಗಾದರೂ ಸಾಗಿಸಲೇಬೇಕು. ಮಳೆಗಾಲದಲ್ಲಿ ಹೊಲಕ್ಕೆ ಗಾಡಿ ಇಳಿಯದಿದ್ದಾಗಲೂ ಅದು ಬರುತ್ತಲೇ ಇರುತ್ತದೆ.

2025ರ ಹೊತ್ತಿಗೂ ದೇಶದಲ್ಲಿ ನಡೆಯುತ್ತಿದ್ದ ಸಿಬಿಜಿ ಘಟಕಗಳು ನೂರರ ಲೆಕ್ಕದಲ್ಲಿದ್ದವೇ ಹೊರತು ಸಾವಿರದ ಲೆಕ್ಕ ಮುಟ್ಟಿರಲಿಲ್ಲ. ಇದರ ಹಿಂದೆ ಸಾಲ, ಜಾಗ, ಖರೀದಿಯ ಖಾತರಿ ಮುಂತಾದ ತೊಡಕುಗಳೂ ಇವೆ. ಆದರೆ ಎಲ್ಲಕ್ಕೂ ತಳದಲ್ಲಿರುವುದು ದೂರ ಮತ್ತು ತೂಕದ ಈ ಸಮಸ್ಯೆಯೇ.

ಕಿಲೋಗೆ ಒಂದು ರೂಪಾಯಿ ಎಲ್ಲಿಂದ ಬರುತ್ತದೆ?

ಬನಾಸ್ ಹಾಲು ಒಕ್ಕೂಟ ಡೀಸಾ ಬಳಿಯ ದಾಮಾ ಗ್ರಾಮದಲ್ಲಿ ದಿನಕ್ಕೆ 40 ಟನ್ ಸಗಣಿಯ ಘಟಕ ನಡೆಸುತ್ತಿದೆ. ಸುತ್ತಲಿನ ಹಳ್ಳಿಗಳ ರೈತರಿಗೆ ಕಿಲೋಗೆ ಒಂದು ರೂಪಾಯಿ ಕೊಡುತ್ತದೆ. ಛತ್ತೀಸಗಢ ಸರ್ಕಾರ 2020ರ ಜುಲೈನಲ್ಲಿ ಆರಂಭಿಸಿದ್ದ ಗೋಧನ್ ನ್ಯಾಯ್ ಯೋಜನೆಯಲ್ಲಿ ಕಿಲೋಗೆ ಎರಡು ರೂಪಾಯಿಯಂತೆ ಸಗಣಿ ಕೊಳ್ಳುತ್ತಿತ್ತು.

ಒಂದು ರೂಪಾಯಿ ಎಂದರೆ ಕೇಳಲು ಸಣ್ಣದು. ಆದರೆ ಒಂದು ಕಿಲೋ ಸಿಬಿಜಿಗೆ 60 ಕಿಲೋ ಸಗಣಿ ಬೇಕಾದ್ದರಿಂದ ಕಚ್ಚಾವಸ್ತುವಿಗೇ 60 ರೂಪಾಯಿ ತಗಲುತ್ತದೆ. ‘ಸತತ್’ ಆರಂಭವಾದಾಗ ತೈಲ ಕಂಪನಿಗಳು ಸಿಬಿಜಿಗೆ ಕೊಡುತ್ತೇವೆಂದ ಬೆಲೆ ಕಿಲೋಗೆ 46 ರೂಪಾಯಿ. ಆಮೇಲೆ ಅದನ್ನು ಏರಿಸಿ ಸಿಎನ್‌ಜಿ ದರಕ್ಕೆ ಹೊಂದಿಸಿದರು. ಆದರೂ ಸಾಗಾಟ, ವಿದ್ಯುತ್, ಕೂಲಿ, ಸಾಲದ ಕಂತು ಎಲ್ಲವನ್ನೂ ಅನಿಲದ ದುಡ್ಡಿನಿಂದಲೇ ತೀರಿಸುವುದು ಕಷ್ಟ. ಎರಡು ರೂಪಾಯಿಯ ದರದಲ್ಲಂತೂ ಕಚ್ಚಾವಸ್ತುವೇ ಕಿಲೋಗೆ 120 ರೂಪಾಯಿ. ಛತ್ತೀಸಗಢ ಹಾಗೆ ಕೊಂಡ ಸಗಣಿಯನ್ನು ಅನಿಲಕ್ಕಲ್ಲ, ಮುಖ್ಯವಾಗಿ ಎರೆಗೊಬ್ಬರಕ್ಕೆ ಬಳಸಿದ್ದು ಇಲ್ಲಿ ನೆನಪಿಡಬೇಕಾದ ಸಂಗತಿ.

ಹಾಗಾದರೆ ದಾಮಾದಂಥ ಘಟಕ ನಿಲ್ಲುವುದು ಹೇಗೆ? ಗೊಬ್ಬರದಿಂದ. ಅನಿಲ ತೆಗೆದ ಮೇಲೆ ಉಳಿಯುವ ಬಗ್ಗಡವನ್ನು ಹಿಂಡಿ ಗಟ್ಟಿ ಗೊಬ್ಬರವನ್ನೂ ದ್ರವ ಗೊಬ್ಬರವನ್ನೂ ಮಾಡಿ ಮಾರುತ್ತಾರೆ. ಕೇಂದ್ರವೂ ಇದನ್ನು ಅರಿತೇ 2023ರ ಜೂನಿನಲ್ಲಿ ಇಂಥ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿ ಮಾರುಕಟ್ಟೆ ನೆರವು ಘೋಷಿಸಿ, 2025-26ರವರೆಗಿನ ಮೂರು ವರ್ಷಗಳಿಗೆ 1,451 ಕೋಟಿ ರೂಪಾಯಿಗೂ ಹೆಚ್ಚು ಹಣ ಮೀಸಲಿಟ್ಟಿತು. ಯೂರಿಯಾ ಚೀಲಕ್ಕೆ ಭಾರಿ ಸಬ್ಸಿಡಿ ಇರುವಾಗ ಬಗ್ಗಡದ ಗೊಬ್ಬರವನ್ನು ಪೂರ್ತಿ ಬೆಲೆ ಕೊಟ್ಟು ಕೊಳ್ಳಿ ಎಂದರೆ ಯಾವ ರೈತನೂ ಕೊಳ್ಳುವುದಿಲ್ಲ, ಆದ್ದರಿಂದ ಆ ನೆರವು ನ್ಯಾಯವಾದದ್ದೇ. ಆದರೆ ಅದನ್ನು ಮೂರು ವರ್ಷಕ್ಕೆ ಮಿತಿಗೊಳಿಸಿದ್ದು ಸರಿಯಲ್ಲ. ಹದಿನೈದು ವರ್ಷ ಸಾಲ ತೀರಿಸಬೇಕಾದ ಘಟಕ ಮೂರು ವರ್ಷದ ಭರವಸೆಯ ಮೇಲೆ ನಿಲ್ಲಲಾರದು.

ಹವಾಮಾನದ ವಾದ ಎಲ್ಲ ಊರಿಗೂ ಒಂದೇ ಅಲ್ಲ

ಸಗಣಿ ಅನಿಲದ ಪರವಾಗಿ ಜಗತ್ತಿನಾದ್ಯಂತ ಕೇಳಿಬರುವ ದೊಡ್ಡ ವಾದ ಹವಾಮಾನದ್ದು. ಇಂಗಾಲದ ಡೈಆಕ್ಸೈಡಿಗೆ ಹೋಲಿಸಿದರೆ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಸುಮಾರು 28 ಪಟ್ಟು, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಗಾಳಿಗೆ ಸೇರುವ ಮೀಥೇನನ್ನು ಹಿಡಿದು ಉರಿಸಿದರೆ ಭೂಮಿಗೆ ಒಳ್ಳೆಯದು ಎಂಬ ಮಾತು ನಿಜ. ಆದರೆ ಅದು ಮೊದಲು ಗಾಳಿಗೆ ಸೇರುತ್ತಿತ್ತೇ ಎಂದು ಕೇಳಿಕೊಳ್ಳಬೇಕು.

ಕ್ಯಾಲಿಫೋರ್ನಿಯಾದ ಡೇರಿಗಳಲ್ಲಿ ಸಾವಿರಾರು ಹಸುಗಳು ಒಂದೇ ಆವರಣದಲ್ಲಿರುತ್ತವೆ. ಸಗಣಿಯನ್ನು ನೀರಿನಿಂದ ತೊಳೆದು ದೊಡ್ಡ ಹೊಂಡಗಳಿಗೆ ಹರಿಸುತ್ತಾರೆ. ಗಾಳಿಯಾಡದ ಆ ಹೊಂಡಗಳೇ ಮೀಥೇನಿನ ಬುಗ್ಗೆಗಳು. ಹೊಂಡಕ್ಕೆ ಹೊದಿಕೆ ಹಾಕಿ ಅನಿಲ ಹಿಡಿದರೆ ನಿಜಕ್ಕೂ ದೊಡ್ಡ ಹೊರಸೂಸುವಿಕೆ ತಪ್ಪುತ್ತದೆ. ಈ ‘ತಪ್ಪಿಸಿದ ಮೀಥೇನ್’ ಲೆಕ್ಕದಿಂದಲೇ ಆ ರಾಜ್ಯದ ಇಂಧನ ನಿಯಮಗಳಲ್ಲಿ ಡೇರಿ ಅನಿಲಕ್ಕೆ ಸೊನ್ನೆಗಿಂತ ಕೆಳಗಿನ ಇಂಗಾಲ ಅಂಕ (ಇಂಧನದಿಂದ ಎಷ್ಟು ಹೊರಸೂಸುವಿಕೆ ಎಂಬ ಅಳತೆ) ಸಿಕ್ಕಿ, ಅದರಿಂದ ದೊರೆಯುವ ಕ್ರೆಡಿಟ್‌ಗಳನ್ನು ಮಾರಿ ಡೇರಿಗಳು ಹಣ ಗಳಿಸುತ್ತಿವೆ. ಅಲ್ಲಿನ ಟೀಕಾಕಾರರ ಆಕ್ಷೇಪವೂ ಗಟ್ಟಿಯಾಗಿದೆ: ಹೊಂಡ ಮಾಡಿ ಮಾಲಿನ್ಯ ಹುಟ್ಟಿಸಿದವನಿಗೇ ಅದನ್ನು ಹಿಡಿದದ್ದಕ್ಕೆ ಬಹುಮಾನ ಕೊಟ್ಟರೆ, ಹಸುಗಳ ಹಿಂಡು ಇನ್ನೂ ಹಿಗ್ಗುತ್ತದೆ, ಪಕ್ಕದ ಊರಿನ ಜನಕ್ಕೆ ನಾತ ಮತ್ತು ಕೆಟ್ಟ ಅಂತರ್ಜಲ ಉಳಿಯುತ್ತದೆ.

ನಮ್ಮಲ್ಲಿ ಸಗಣಿ ಸಾಮಾನ್ಯವಾಗಿ ಹೊಂಡಕ್ಕೆ ಹರಿಯುವುದಿಲ್ಲ. ಅದು ತಿಪ್ಪೆಗೆ ಹೋಗುತ್ತದೆ, ಬೆರಣಿಯಾಗಿ ಗೋಡೆಯ ಮೇಲೆ ಒಣಗುತ್ತದೆ, ಬಯಲಿನಲ್ಲಿ ಬಿದ್ದದ್ದನ್ನು ಹುಳುಗಳು ಮಣ್ಣಿಗೆ ಸೇರಿಸುತ್ತವೆ. ಗಾಳಿಯಾಡುವ ಕಡೆ ಮೀಥೇನ್ ಹುಟ್ಟುವುದು ಕಡಿಮೆ. ಭಾರತದ ಜಾನುವಾರುಗಳಿಂದ ಬರುವ ಮೀಥೇನಿನಲ್ಲಿ ಸಿಂಹಪಾಲು ಹಸು, ಎಮ್ಮೆಗಳು ಮೆಲುಕು ಹಾಕುವಾಗ ಬಾಯಿಂದ ಹೊರಬರುವಂಥದು. ಯಾವ ಸಗಣಿ ಘಟಕವೂ ಅದನ್ನು ಹಿಡಿಯಲಾರದು. ಆದ್ದರಿಂದ ಕ್ಯಾಲಿಫೋರ್ನಿಯಾದ ಅಂಕಿಗಳನ್ನು ತಂದು ಇಲ್ಲಿನ ಯೋಜನೆಗೆ ಅಂಟಿಸುವುದು ತಪ್ಪು. ಇಲ್ಲಿ ಇನ್ನೊಂದು ಅಪಾಯವೂ ಇದೆ. ಮೊದಲು ಹೆಚ್ಚು ಮೀಥೇನ್ ಬಿಡದಿದ್ದ ಸಗಣಿಯನ್ನು ತೊಟ್ಟಿಗೆ ಹಾಕಿ ನಾವೇ ಮೀಥೇನ್ ಹುಟ್ಟಿಸುತ್ತೇವೆ. ಗುಮ್ಮಟ ಬಿರುಕುಬಿಟ್ಟರೆ, ಕೊಳವೆಯ ಕೀಲು ಸಡಿಲವಾದರೆ, ಪೂರ್ತಿ ಕೊಳೆಯದ ಬಗ್ಗಡ ತೆರೆದ ತೊಟ್ಟಿಯಲ್ಲಿ ನಿಂತರೆ ಆ ಮೀಥೇನ್ ಸೋರಿ ಹೋಗಿ ಲಾಭವನ್ನೆಲ್ಲ ತಿಂದುಹಾಕುತ್ತದೆ.

ನಮ್ಮಲ್ಲಿ ನಿಜವಾಗಿ ಸಿಗುವ ಲಾಭಗಳು ಬೇರೆ. ಬೆರಣಿಯ ಹೊಗೆ ಅಡುಗೆಮನೆಯಿಂದ ತೊಲಗುತ್ತದೆ, ಸೌದೆ ಉಳಿಯುತ್ತದೆ. ದೇಶ ಬಳಸುವ ನೈಸರ್ಗಿಕ ಅನಿಲದಲ್ಲಿ ಅರ್ಧದಷ್ಟು ಆಮದಾಗುವುದರಿಂದ ಅಷ್ಟರಮಟ್ಟಿಗೆ ಹೊರೆ ಇಳಿಯುತ್ತದೆ. ಹೊಂಡಕ್ಕೆ ತೊಳೆದು ಬಿಡುವ ದೊಡ್ಡ ನಗರಗಳ ಅಂಚಿನ ಡೇರಿಗಳಲ್ಲಿ ಮಾತ್ರ ಕ್ಯಾಲಿಫೋರ್ನಿಯಾದ ವಾದ ಅನ್ವಯವಾಗುತ್ತದೆ. ಆ ಡೇರಿಗಳ ಸಗಣಿ ಚರಂಡಿಗೋ ಕೆರೆಗೋ ಸೇರುವುದನ್ನು ತಪ್ಪಿಸುವ ಘಟಕ ಯಾವ ಲೆಕ್ಕದಲ್ಲೂ ಒಳ್ಳೆಯದೇ.

ಹೊಲದ ಪಾಲು

ಸಗಣಿಯನ್ನು ‘ತ್ಯಾಜ್ಯ’ ಎಂದು ಕರೆಯುವುದರಲ್ಲೇ ದೋಷವಿದೆ. ‘ಕಸದಿಂದ ರಸ’ ಎಂಬ ಮಾತು ಪಟ್ಟಣದ ಹಸಿ ಕಸಕ್ಕೆ ಸರಿ, ಅದಕ್ಕೆ ಬೇರೆ ಉಪಯೋಗ ಕಡಿಮೆ. ಸಗಣಿಗೆ ಆಗಲೇ ಕೆಲಸವಿದೆ. ಬಯಲುಸೀಮೆಯ ರಾಗಿ ಹೊಲಕ್ಕೂ ಮಲೆನಾಡಿನ ಅಡಿಕೆ ತೋಟಕ್ಕೂ ಕೊಟ್ಟಿಗೆ ಗೊಬ್ಬರವೇ ಆಧಾರ. ಬೇಸಿಗೆಯಲ್ಲಿ ಲೋಡು ಗೊಬ್ಬರಕ್ಕೆ ರೈತರು ಹಣ ಕೊಟ್ಟು ಕಾಯುತ್ತಾರೆ.

ಅನಿಲ ತೆಗೆದರೆ ಗೊಬ್ಬರದ ಸಾರ ಹೋಗುತ್ತದೆ ಎಂಬ ಭಯ ಹಲವರಲ್ಲಿದೆ. ಅದು ಪೂರ್ತಿ ನಿಜವಲ್ಲ. ಅನಿಲವಾಗಿ ಹೊರಡುವುದು ಇಂಗಾಲ ಮತ್ತು ಹೈಡ್ರೋಜನ್. ಸಾರಜನಕ, ರಂಜಕ, ಪೊಟ್ಯಾಶ್ ಬಗ್ಗಡದಲ್ಲೇ ಉಳಿಯುತ್ತವೆ. ಸಾರಜನಕದ ಒಂದು ಭಾಗ ಬೆಳೆಗೆ ಬೇಗ ದಕ್ಕುವ ರೂಪಕ್ಕೆ ತಿರುಗಿರುತ್ತದೆ. ಇಂಗಾಲ ಕಡಿಮೆಯಾಗುವುದು ಹೌದು, ಆದರೆ ತಿಪ್ಪೆಯಲ್ಲಿ ಕೊಳೆಯುವಾಗಲೂ ಬಹುಪಾಲು ಇಂಗಾಲ ಗಾಳಿಗೇ ಹೋಗುತ್ತದೆ. ನಷ್ಟವಾಗುವುದು ಆಮೇಲಿನ ಹಂತದಲ್ಲಿ. ಬಗ್ಗಡವನ್ನು ಬಿಸಿಲಿಗೆ ಹರಡಿ ಒಣಗಿಸಿದರೆ ಬೇಗ ದಕ್ಕುವ ಆ ಸಾರಜನಕವೇ ಅಮೋನಿಯವಾಗಿ ಹಾರಿಹೋಗುತ್ತದೆ. ಒಣ ಸೊಪ್ಪು, ತರಗೆಲೆಯ ಮೇಲೆ ಸುರಿದು ಮುಚ್ಚಿಟ್ಟರೆ, ಇಲ್ಲವೇ ಹಸಿಯಾಗಿಯೇ ಕಾಲುವೆಯ ನೀರಿನೊಂದಿಗೆ ಹರಿಸಿದರೆ ಉಳಿಯುತ್ತದೆ.

ಆದ್ದರಿಂದ ಬಗ್ಗಡ ಯಾವ ಹೊಲಕ್ಕೆ ವಾಪಸು ಹೋಗುತ್ತದೆ ಎಂಬುದೇ ಇಲ್ಲಿನ ಮುಖ್ಯ ವಿಷಯ. ಹತ್ತು ಹಳ್ಳಿಯ ಸಗಣಿ ಒಂದು ಘಟಕಕ್ಕೆ ಬಂದು, ಗೊಬ್ಬರ ಚೀಲವಾಗಿ ದೂರದ ದ್ರಾಕ್ಷಿ ತೋಟಕ್ಕೆ ಹೋದರೆ ಆ ಹತ್ತು ಹಳ್ಳಿಯ ಮಣ್ಣು ವರ್ಷವರ್ಷವೂ ಬಡವಾಗುತ್ತದೆ. ಸಗಣಿ ಮಾರಿ ಬಂದ ದುಡ್ಡು ಮತ್ತೆ ರಸಗೊಬ್ಬರದ ಅಂಗಡಿಗೆ ಹೋಗುತ್ತದೆ.

ಇನ್ನೊಂದು ಮಾತನ್ನು ಸರ್ಕಾರಿ ದಾಖಲೆಗಳು ಅಷ್ಟಾಗಿ ಹೇಳುವುದಿಲ್ಲ. ದನವಿಲ್ಲದ ಮನೆಯ ಹೆಂಗಸರು ಬಯಲಿನಲ್ಲಿ ಬಿದ್ದ ಸಗಣಿ ಆಯ್ದು ಬೆರಣಿ ತಟ್ಟುತ್ತಾರೆ. ಉತ್ತರ ಕರ್ನಾಟಕದಲ್ಲಿ ಕುಳ್ಳು ಎನ್ನುತ್ತಾರೆ. ಅದು ಅವರ ಒಲೆಗೆ ಉರುವಲು, ಕೆಲವರಿಗೆ ಮಾರಿ ಬರುವ ಕಾಸು. ಸಗಣಿಗೆ ಬೆಲೆ ಕಟ್ಟಿದ ದಿನ ಅದು ಆಯ್ದುಕೊಳ್ಳುವ ವಸ್ತುವಾಗಿ ಉಳಿಯುವುದಿಲ್ಲ.

ಪುರ ಮತ್ತು ಶಿರಸಿ ತೋರಿಸಿಕೊಟ್ಟದ್ದು

ಬಗ್ಗಡ ಮರಳಿಸುವ ವ್ಯವಸ್ಥೆ ಅಸಾಧ್ಯವೇನಲ್ಲ. ಕರ್ನಾಟಕವೇ ಅದನ್ನು ಮಾಡಿ ತೋರಿಸಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ, ಹಳ್ಳಿಗೆ ಹೊಂದುವ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ತಂಡ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯ ಅನಿಲ ಘಟಕ ನಿರ್ಮಿಸಿತು. ಮೊದಲಿನ ಯೋಚನೆ ಇದ್ದದ್ದು ಎಲ್ಲ ಮನೆಗೂ ಅಡುಗೆ ಅನಿಲ ಕೊಡುವುದು. ಊರಿನ ಸಗಣಿ ಅದಕ್ಕೆ ಸಾಲದಾಯಿತು. ಆಗ ಗುರಿ ಬದಲಿಸಿ, ಅನಿಲದಿಂದ ಎಂಜಿನ್ ನಡೆಸಿ ಕೊಳವೆಬಾವಿಯ ನೀರನ್ನೂ ಮನೆಗೆ ದೀಪವನ್ನೂ ಕೊಟ್ಟರು. 1987ರಿಂದ ಅದು ವರ್ಷಗಟ್ಟಲೆ ನಡೆಯಿತು. ಸಗಣಿ ತಂದುಕೊಟ್ಟವರಿಗೆ ಕಿಲೋಗೆ ಎರಡು ಪೈಸೆ ಸಾಗಣೆ ಹಣ, ಜೊತೆಗೆ ಕೊಟ್ಟ ಸಗಣಿಯ ಪ್ರಮಾಣಕ್ಕೆ ತಕ್ಕಂತೆ ಬಗ್ಗಡ ವಾಪಸು. ಗೊಬ್ಬರದ ಹಕ್ಕು ರೈತನದೇ ಎಂದು ಮೊದಲ ದಿನವೇ ಒಪ್ಪಿಕೊಂಡದ್ದರಿಂದ ಜನ ಸಗಣಿ ಕೊಟ್ಟರು.

ಶಿರಸಿಯ ಕತೆ ಮನೆಮಟ್ಟದ್ದು. ದೇಶದ ಎಷ್ಟೋ ಕಡೆ 1980ರ ದಶಕದಲ್ಲಿ ಸಬ್ಸಿಡಿಗಾಗಿ ಕಟ್ಟಿದ ಗೋಬರ್ ಗ್ಯಾಸ್ ತೊಟ್ಟಿಗಳು ಬಿರುಕುಬಿಟ್ಟು, ಬೂದಿ ಸುರಿಯುವ ಗುಂಡಿಗಳಾದವು. ಶಿರಸಿ ಸೀಮೆಯಲ್ಲಿ ಪರಿಶೀಲಿಸಿದ ಘಟಕಗಳು ಹೆಚ್ಚು ಕಡಿಮೆ ಎಲ್ಲವೂ ಕೆಲಸ ಮಾಡುತ್ತಿದ್ದವು ಎಂದು 2001ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕಟ್ಟಿಕೊಡುವ ಸ್ಥಳೀಯ ಮೇಸ್ತ್ರಿಗಳು ಮತ್ತು ಉದ್ಯಮಿಗಳು ಕೆಟ್ಟಾಗ ಬಂದು ರಿಪೇರಿ ಮಾಡಿಕೊಡುತ್ತಿದ್ದರು. ಬೆಳಿಗ್ಗೆ ಒಂದು ಬುಟ್ಟಿ ಸಗಣಿಗೆ ಅಷ್ಟೇ ನೀರು ಹಾಕಿ, ಹುಲ್ಲಿನ ಎಳೆಗಳನ್ನು ತೆಗೆದು ಕಲಸಿ, ತೊಟ್ಟಿಯ ಬಿರಡೆ ಎತ್ತಿದರೆ ಇನ್ನೊಂದು ತುದಿಯಲ್ಲಿ ಅಷ್ಟೇ ಬಗ್ಗಡ ಹೊರಬರುತ್ತದೆ. ಅದು ನೇರವಾಗಿ ಸೊಪ್ಪಿನ ಗುಂಡಿಗೆ, ಅಲ್ಲಿಂದ ಅಡಿಕೆ ಮರದ ಬುಡಕ್ಕೆ. ಸಾಗಾಟದ ಖರ್ಚಿಲ್ಲ, ಶುದ್ಧೀಕರಣವಿಲ್ಲ, ಒತ್ತಡ ಹಾಕುವ ಯಂತ್ರವಿಲ್ಲ. ನಾಲ್ಕೈದು ರಾಸುಗಳ 50 ಕಿಲೋ ಸಗಣಿಯಿಂದ ದಿನಕ್ಕೆ ಎರಡು ಘನ ಮೀಟರ್ ಅನಿಲ ಬಂದರೆ, ಅದು ತಿಂಗಳಿಗೆ ಸುಮಾರು ಎರಡು ಎಲ್‌ಪಿಜಿ ಸಿಲಿಂಡರಿಗೆ ಸಮ. ಅದೇ 50 ಕಿಲೋ ಸಿಬಿಜಿ ಘಟಕಕ್ಕೆ ಹೋದರೆ ಒಂದು ಕಿಲೋಗಿಂತ ಕಡಿಮೆ ವಾಹನ ಇಂಧನ, ರೈತನಿಗೆ 50 ರೂಪಾಯಿ. ಸಗಣಿ ತೊಟ್ಟಿಗೆ ನಾಲ್ಕು ರಾಸು, ನೀರು, ಕಲಸುವ ಕೈ ಮೂರೂ ಇರುವ ಮನೆಗೆ ಇದರಲ್ಲಿ ಯಾವುದು ಲಾಭ ಎಂದು ಬೇರೆ ಹೇಳಬೇಕಿಲ್ಲ. ಆ ಮೂರರಲ್ಲಿ ಒಂದಿಲ್ಲದ ಮನೆಗಳು ಹೆಚ್ಚುತ್ತಿರುವುದೂ ಅಷ್ಟೇ ನಿಜ.

ಗುಜರಾತಿನ ಆಣಂದ್ ಜಿಲ್ಲೆಯ ಜಕರಿಯಾಪುರದಲ್ಲಿ ಡೇರಿ ಮಂಡಳಿ ನಡುವಿನ ದಾರಿಯೊಂದನ್ನು ಹಿಡಿಯಿತು. ಅನಿಲ ಮನೆಯ ಒಲೆಗೆ, ಮನೆಗೆ ಬೇಕಾಗಿ ಮಿಕ್ಕ ಬಗ್ಗಡವನ್ನಷ್ಟೇ ಸಹಕಾರ ಸಂಘ ಕೊಂಡು ಗೊಬ್ಬರ ಮಾಡಿ ಮಾರುತ್ತದೆ.

ಮುಂದೆ ಆಗಬಹುದಾದದ್ದು

ಬೆರಕೆ ಕಡ್ಡಾಯದಿಂದ ಸಿಎನ್‌ಜಿ ಬೆಲೆ ಏರುತ್ತದೆಯೇ ಎಂಬ ಆತಂಕ ದೊಡ್ಡದಲ್ಲ. ಸಿಬಿಜಿ ಕಿಲೋಗೆ 20 ರೂಪಾಯಿ ದುಬಾರಿಯಾದರೂ ಶೇ 5ರ ಬೆರಕೆಯಲ್ಲಿ ಗ್ರಾಹಕನ ಮೇಲೆ ಬೀಳುವುದು ಒಂದು ರೂಪಾಯಿ.

ಕಡ್ಡಾಯವನ್ನು ಪೂರೈಸಬೇಕಾದ ಕಂಪನಿಗಳು ಸಹಜವಾಗಿಯೇ ಅಗ್ಗದ ಕಡೆ ಹೋಗುತ್ತವೆ: ಪ್ರೆಸ್‌ಮಡ್, ಭತ್ತದ ಹುಲ್ಲು, ನೇಪಿಯರ್ ಹುಲ್ಲು, ನಗರದ ಹಸಿ ಕಸ. ಕರ್ನಾಟಕದಲ್ಲಿ ಇದರ ಫಲ ಮೊದಲು ಕಾಣುವುದು ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಸೀಮೆಯಲ್ಲಿ. ಅಲ್ಲಿ ಸಗಣಿ ಬೆರಕೆಯ ವಸ್ತುವಾಗಿ ಹೋಗಬಹುದು. ಪ್ರತಿ ಹಳ್ಳಿಯಲ್ಲೂ ಸಗಣಿ ಕೊಳ್ಳುವ ಕೇಂದ್ರ ಬರುತ್ತದೆ ಎಂಬ ನಿರೀಕ್ಷೆಗೆ ಸದ್ಯದ ಲೆಕ್ಕದಲ್ಲಿ ಆಧಾರವಿಲ್ಲ.

ಸಗಣಿಯೇ ಮುಖ್ಯವಾದ ಘಟಕ ನಿಲ್ಲಬಹುದಾದದ್ದು ಹಾಲಿನ ಗಾಡಿ ದಿನವೂ ಓಡಾಡುವ ಕಡೆ. ಬನಾಸ್‌ನಲ್ಲೂ, ವಾರಾಣಸಿಯ ಹಾಲಿನ ಘಟಕವನ್ನು ಸಗಣಿ ಅನಿಲದಿಂದ ನಡೆಸುವ ಯೋಜನೆಯಲ್ಲೂ ಹೊಸ ಸಂಘಟನೆ ಕಟ್ಟಬೇಕಾಗಲಿಲ್ಲ. ರೈತರ ಪಟ್ಟಿ, ಬ್ಯಾಂಕ್ ಖಾತೆ, ಲೆಕ್ಕ, ನಂಬಿಕೆ ಎಲ್ಲ ಹಾಲು ಸಂಘದಲ್ಲಿ ಆಗಲೇ ಇದ್ದವು. ಹಳ್ಳಿಹಳ್ಳಿಗೂ ಹಾಲು ಉತ್ಪಾದಕರ ಸಂಘವಿರುವ ಕರ್ನಾಟಕದ ಹಾಲು ಒಕ್ಕೂಟಗಳಿಗೂ ಈ ದಾರಿ ತೆರೆದಿದೆ. ಕೋಲಾರದಂಥ ಜಿಲ್ಲೆಯಲ್ಲಿ ಮಾತ್ರ ನೀರಿನ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಬೇಕು. 40 ಟನ್ ಸಗಣಿ ಕಲಸಲು ಅಷ್ಟೇ ನೀರು ಬೇಕು, ಬಗ್ಗಡದ ತಿಳಿಯನ್ನೇ ಮರಳಿ ಬಳಸುವ ಏರ್ಪಾಡು ಇಲ್ಲದೆ ಆ ನೆಲದಲ್ಲಿ ಅನುಮತಿ ಕೊಡಬಾರದು.

ಹಾಲು ಸಂಘದಿಂದಲೇ ಕಲಿಯಬೇಕಾದ ಇನ್ನೊಂದು ಪದ್ಧತಿಯಿದೆ. ಹಾಲಿಗೆ ಬರಿಯ ಲೀಟರಿನ ಮೇಲೆ ದುಡ್ಡು ಕೊಡುವುದಿಲ್ಲ, ಕೊಬ್ಬು ಮತ್ತು ಕೊಬ್ಬೇತರ ಘನಾಂಶ ಅಳೆದು ಕೊಡುತ್ತಾರೆ. ಸಗಣಿಗೆ ಕಿಲೋ ಲೆಕ್ಕದಲ್ಲಿ ಕೊಟ್ಟರೆ ನೀರು ಸೇರಿದಷ್ಟೂ ತೂಕ. ಒಣ ಅಂಶ ಅಳೆದು ಬೆಲೆ ಕಟ್ಟಿದರೆ ಪ್ರಾಮಾಣಿಕವಾಗಿ ಗಟ್ಟಿ ಸಗಣಿ ತಂದವನಿಗೆ ನ್ಯಾಯ ಸಿಗುತ್ತದೆ, ಗಾಡಿ ನೀರು ಹೊರುವುದೂ ತಪ್ಪುತ್ತದೆ. ಅದೇ ರಸೀದಿಯಲ್ಲಿ ಇನ್ನೊಂದು ಕಾಲಂ ಇರಬೇಕು: ಈ ಸಗಣಿಗೆ ಎದುರಾಗಿ ಎಷ್ಟು ಬಗ್ಗಡ, ಯಾವ ತಿಂಗಳು, ಯಾರ ಖರ್ಚಿನಲ್ಲಿ ಹೊಲಕ್ಕೆ ವಾಪಸು ಬರುತ್ತದೆ. ಸಗಣಿ ಕೊಡಲು ಸಹಿ ಹಾಕುವ ಮುನ್ನ ರೈತರು ಬೆಲೆಗಿಂತ ಮೊದಲು ಆ ಕಾಲಂ ತುಂಬಿದೆಯೇ ಎಂದು ನೋಡಬೇಕು.